ಕೈಗೆಲಸದ ಮೂಲೆ: ಗಾಜಿನ ಬೆನ್ನಿಗೆ ಬಣ್ಣ



ಕಳೆದ ಸ್ಮರಣ ಸಂಚಿಕೆಯ ಇದೇ ಮೂಲೆಯಲ್ಲಿ ಮಣಿಗಳ ತೋರಣ ಹೆಣೆಯುವ ಬಗೆಯನ್ನು ವಿವರಿಸಿದ್ದೆ. ಅದನ್ನು ಓದಿ ತೋರಣ ಕಟ್ಟಿದವರು ಎಷ್ಟು ಮಂದಿಯೋ ತಿಳಿಯದು. ಆದರೆ ಸಮ್ಮೇಳನದ ಊಟದ ಸಾಲಿನಲ್ಲಿ ನನ್ನನ್ನು ತಡೆದು ನಿಲ್ಲಿಸಿ, “ಮುಂದಿನ ಸಲ ಗಾಜಿನ ಲೋಟ, ತಟ್ಟೆಗಳಿಗೆ ಬಣ್ಣ ಹಾಕುವುದನ್ನು ಬರೆಯಿರಿ” ಎಂದು ಕೇಳಿದ ಸೋದರಿಯರು ಮೂವರು. ನಾನು ನಕ್ಕು ಸುಮ್ಮನಾದೆ. ಸುಮ್ಮನಾದುದಕ್ಕೆ ಕಾರಣವಿತ್ತು. ಈ ಕೈಗೆಲಸದಿಂದ ನಾನು ಒಮ್ಮೆ ನಲವತ್ತು ಮನೆಗಳ ಮುಂದೆ ತಲೆ ತಗ್ಗಿಸಿದವಳು. ಎರಡು ವರ್ಷ ಯೋಚಿಸಿದ ಮೇಲೆ, ಆ ವೃತ್ತಾಂತವನ್ನು ಮರೆಮಾಚದೆ ಅದರೊಡನೆಯೇ ವಿಷಯವನ್ನು ತಿಳಿಸುವುದು ಲೇಸೆಂದು ತೋರಿದೆ.

ನಾವು ಪ್ಲೇನ್‌ಫೀಲ್ಡಿಗೆ ಬಂದದ್ದು 2001ರ ಬೇಸಿಗೆಯಲ್ಲಿ. ಷಿಕಾಗೋ ನಗರದ ನೈಋತ್ಯಕ್ಕೆ ಸುಮಾರು 35 ಮೈಲಿ ದೂರದ ಈ ಊರಿನಲ್ಲಿ 1990ರ ಜನಗಣತಿಯ ವೇಳೆಗೆ ಐದು ಸಾವಿರ ಜನರೂ ಇರಲಿಲ್ಲ. 2010ರ ವೇಳೆಗೆ ಅದು 39 ಸಾವಿರವನ್ನು ದಾಟಿತು. ಜೋಳದ ಹೊಲಗಳ ನಡುವೆ ಹೊಸ ಮನೆಗಳ ಸಾಲು ಎದ್ದು ನಿಲ್ಲುತ್ತಿದ್ದ ಆ ಕಾಲದಲ್ಲಿ ನಮ್ಮದೂ ಒಂದು ಎದ್ದಿತು. ಗೃಹಪ್ರವೇಶಕ್ಕೆ ಬರುವ ಮುತ್ತೈದೆಯರಿಗೆ ತಾಂಬೂಲದೊಡನೆ ಏನು ಕೊಡುವುದೆಂಬ ಪ್ರಶ್ನೆ ಬಂದಾಗ, ಅಂಗಡಿಯಿಂದ ತಂದುದಕ್ಕಿಂತ ಕೈಯಾರೆ ಮಾಡಿದ್ದು ಮೇಲು ಎಂದು ನಾನು ಹಟ ಹಿಡಿದೆ. ನಲವತ್ತು ಸಾದಾ ಗಾಜಿನ ಲೋಟಗಳನ್ನು ಕೊಂಡೆ. ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಗಾಜಿನ ಬಣ್ಣದ ಪುಟ್ಟ ಶೀಸೆಗಳನ್ನೂ ಕಪ್ಪು ರೇಖೆ ಎಳೆಯುವ ಕೊಳವೆಗಳನ್ನೂ ಪೆಟ್ಟಿಗೆಯಲ್ಲಿಟ್ಟು ತಂದುಕೊಟ್ಟಿದ್ದರು. (ಆ ಶೀಸೆಗಳಲ್ಲಿರುವುದು ಥಟ್ಟನೆ ಬೆಂಕಿ ಹಿಡಿಯುವ ದ್ರಾವಕ. ವಿಮಾನದಲ್ಲಿ ಅದನ್ನು ತರಕೂಡದು. ಆಗ ನಮಗಾರಿಗೂ ಆ ವಿವೇಕ ಹೊಳೆಯಲಿಲ್ಲ.)

ಚಿತ್ರಕ್ಕಾಗಿ ನಾನು ಆರಿಸಿಕೊಂಡದ್ದು ನವಿಲು. ಮೈಸೂರು ಅರಮನೆಯ ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಆ ನವಿಲುಗಳ ಪರಿಚಯವುಂಟು. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ನನ ನಕ್ಷೆಯಂತೆ 1912ರ ವೇಳೆಗೆ ಮುಗಿದ ಹೊಸ ಅರಮನೆಯ ಮಂಟಪ ಅದು. ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದ ಕಬ್ಬಿಣದ ಚೌಕಟ್ಟಿನಲ್ಲಿ ಬಣ್ಣದ ಗಾಜಿನ ನವಿಲುಗಳು ಬಿಸಿಲಿಗೆ ಹೊಳೆಯುತ್ತವೆ. ಅಲ್ಲಿ ಗಾಜೇ ಬಣ್ಣದ್ದು. ತುಂಡು ತುಂಡಾಗಿ ಕತ್ತರಿಸಿ ಲೋಹದ ಪಟ್ಟಿಗಳಿಂದ ಕೂಡಿಸಿದ್ದು. ನಾವು ಕೊಳವೆಯಿಂದ ಎಳೆಯುವ ಕಪ್ಪು ರೇಖೆ ಆ ಲೋಹದ ಪಟ್ಟಿಯ ಅನುಕರಣೆ ಮಾತ್ರ. ಕೊಳವೆಯನ್ನು ಒಂದೇ ಸಮನೆ ಒತ್ತುತ್ತ, ತುದಿಯನ್ನು ಗಾಜಿಗೆ ತಾಗಿಸದೆ ಕೈಯನ್ನು ಸರಿಸಬೇಕು. ಕಾದ ತುಪ್ಪದ ಬಾಣಲೆಯ ಮೇಲೆ ಜಾಂಗೀರು ಬಿಟ್ಟು ಅಭ್ಯಾಸವಿದ್ದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಮೂರು ವಾರ ರಾತ್ರಿ ಕುಳಿತು ನಲವತ್ತು ನವಿಲುಗಳನ್ನು ಬಿಡಿಸಿದೆ. ಗರಿಗಳು ಲೋಟದ ಬಾಯಿಯವರೆಗೂ ಚಾಚಿದವು. ಬಂದವರೆಲ್ಲ ಬೆಳಕಿಗೆ ಹಿಡಿದು ನೋಡಿ ಹೊಗಳಿದರು. ನನ್ನ ಕಾಲು ನೆಲದ ಮೇಲಿರಲಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ.

ಒಂದು ತಿಂಗಳಾಗಿರಬಹುದು. ನೇಪರ್‌ವಿಲ್ಲಿನ ಗೆಳತಿಯೊಬ್ಬರು ಫೋನ್ ಮಾಡಿದರು. ಧ್ವನಿಯಲ್ಲಿ ಸಂಕೋಚ. “ಏನೂ ತಿಳ್ಕೋಬೇಡಿ. ನಮ್ಮ ಪುಟ್ಟಿಗೆ ನಿಮ್ಮ ನವಿಲಿನ ಲೋಟದಲ್ಲೇ ಹಾಲು ಆಗಬೇಕು. ಲೋಟದ ಅಂಚು ಕಚ್ಚಿ ಕುಡೀತಾಳೆ. ಇವತ್ತು ನೋಡಿದರೆ ತುಟಿ ಮೇಲೆ ನೀಲಿ ಬಣ್ಣ. ಬಾಯೊಳಗೂ ಒಂದು ಚೂರು ಇತ್ತು ಕಣ್ರೀ.”

ಡಿಶ್‌ವಾಷರಿನಲ್ಲಿ ನಾಲ್ಕೈದು ಬಾರಿ ತೊಳೆದುದರಿಂದ ಬಣ್ಣ ಹಕ್ಕಳೆಯಂತೆ ಏಳತೊಡಗಿತ್ತು. ಮಗುವನ್ನು ವೈದ್ಯರಿಗೆ ತೋರಿಸಿದರು, ಅಪಾಯವೇನೂ ಆಗಲಿಲ್ಲ. ಆದರೆ ಆ ಸಂಜೆ ಗ್ಯಾರೇಜಿಗೆ ಹೋಗಿ ಶೀಸೆಯೊಂದನ್ನು ಎತ್ತಿ, ಬೆನ್ನಿಗೆ ಅಂಟಿಸಿದ್ದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಮೊದಲ ಬಾರಿಗೆ ಓದಿದೆ. ಅಲಂಕಾರಕ್ಕೆ ಮಾತ್ರ, ಆಹಾರ ಪಾನೀಯಗಳ ಪಾತ್ರೆಗಳಿಗಲ್ಲ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ತಪ್ಪು ಬಣ್ಣದ್ದಲ್ಲ, ನನ್ನದು. ಮರುದಿನದಿಂದ ನಲವತ್ತು ಮನೆಗಳಿಗೂ ಒಂದೊಂದಾಗಿ ಫೋನ್ ಮಾಡಿ, “ದಯವಿಟ್ಟು ಆ ಲೋಟದಲ್ಲಿ ಏನನ್ನೂ ಕುಡಿಯಬೇಡಿ” ಎಂದು ಕೇಳಿಕೊಂಡೆ. ಕೆಲವರು ಷೋಕೇಸಿನಲ್ಲಿಟ್ಟಿದ್ದರು. ಕೆಲವರು ಪೆನ್ನು ಪೆನ್ಸಿಲುಗಳನ್ನು ಹಾಕಿಟ್ಟಿದ್ದರು. ಕೆಲವರಿಗೆ ನಾನು ಕೊಟ್ಟದ್ದೇ ನೆನಪಿರಲಿಲ್ಲ. ಅದೂ ಒಂದು ಪಾಠವೇ. ಮೂವತ್ತೇಳು ಲೋಟಗಳ ಲೆಕ್ಕ ಸಿಕ್ಕಿತು. ಉಳಿದ ಮೂರು ಕೈಯಿಂದ ಕೈಗೆ ದಾಟಿ ಎಲ್ಲಿಗೆ ಹೋದವೋ ಇಂದಿಗೂ ಗೊತ್ತಿಲ್ಲ.

ಇಂಥ ತಪ್ಪು ಮನೆಯ ಹವ್ಯಾಸಿಗಳಿಗೆ ಮಾತ್ರ ಮೀಸಲಲ್ಲವೆಂಬುದು 2010ರ ಜೂನ್ ತಿಂಗಳಲ್ಲಿ ಲೋಕಕ್ಕೆಲ್ಲ ತಿಳಿಯಿತು. ‘ಶ್ರೆಕ್’ ಚಲನಚಿತ್ರದ ಚಿತ್ರಗಳಿದ್ದ ಗಾಜಿನ ಲೋಟಗಳನ್ನು ಮೆಕ್‌ಡೊನಾಲ್ಡ್ಸ್ ಸಂಸ್ಥೆ ಈ ದೇಶದಾದ್ಯಂತ ಮಾರಿತ್ತು. ಲೋಟದ ಮೇಲಿನ ಬಣ್ಣದಲ್ಲಿ ಕ್ಯಾಡ್ಮಿಯಂ ಎಂಬ ಲೋಹವಿದೆಯೆಂದು ಪತ್ತೆಯಾಗಿ, ಸುಮಾರು 1 ಕೋಟಿ 20 ಲಕ್ಷ ಲೋಟಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಆ ಸುದ್ದಿಯನ್ನು ಓದಿದಾಗ ನನ್ನ ಮೂರು ಲೋಟಗಳು ಮತ್ತೆ ಕಣ್ಣ ಮುಂದೆ ಬಂದವು.

ಇನ್ನು ಬಣ್ಣಗಳ ವಿಚಾರಕ್ಕೆ ಬರುತ್ತೇನೆ. ಮಣ್ಣಿನ ಮಡಕೆ, ಮರ, ಬಟ್ಟೆ ಇವೆಲ್ಲ ಬಣ್ಣವನ್ನು ಸ್ವಲ್ಪವಾದರೂ ಹೀರಿಕೊಳ್ಳುತ್ತವೆ. ಗಾಜಿಗೆ ರಂಧ್ರವಿಲ್ಲ, ಅದು ಏನನ್ನೂ ಒಳಗೆ ಬಿಟ್ಟುಕೊಳ್ಳದು. ಮೇಲೆ ಕುಳಿತ ಬಣ್ಣ ಮೇಲೆಯೇ ಕುಳಿತಿರಬೇಕು. ಕಾರ್ಖಾನೆಯಲ್ಲಿ ಈ ತೊಡಕನ್ನು ಬೆಂಕಿಯಿಂದ ಪರಿಹರಿಸುತ್ತಾರೆ. ಅವರು ಬಳಸುವ ಬಣ್ಣ ನುಣ್ಣಗೆ ಅರೆದ ಬಣ್ಣದ ಗಾಜಿನ ಪುಡಿಯೇ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಆ ಪುಡಿ ಕರಗಿ ಲೋಟದೊಡನೆ ಒಂದಾಗಿಬಿಡುತ್ತದೆ. ನಮ್ಮ ಅಡುಗೆಮನೆಯ ಓವನ್ನಿನ ಪರಮಾವಧಿ ಶಾಖ ಸಾಮಾನ್ಯವಾಗಿ 550 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 290 ಸೆಲ್ಸಿಯಸ್ಸಿಗೂ ಕಡಿಮೆ. ಆದ್ದರಿಂದ ಮನೆಯಲ್ಲಿ ನಾವು ಎಷ್ಟೇ ಕಾಯಿಸಿದರೂ ಬಣ್ಣ ಗಾಜಾಗುವುದಿಲ್ಲ; ಗಟ್ಟಿಯಾದ ಪೊರೆಯಾಗುತ್ತದೆ, ಅಷ್ಟೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಮನೆಯಲ್ಲಿ ಬಳಸುವ ಬಣ್ಣಗಳಲ್ಲಿ ಎರಡು ಜಾತಿ. ಮೊದಲನೆಯದು ನಾನು ಮೋಸಹೋದ ದ್ರಾವಕದ ಬಣ್ಣ. ಅದು ಪಾರದರ್ಶಕ, ರತ್ನದಂತೆ ಹೊಳೆಯುತ್ತದೆ. ನವರಾತ್ರಿಯ ಬೊಂಬೆಗಳ ಹಿಂದೆ ನಿಲ್ಲಿಸುವ ಗಾಜಿನ ಫಲಕಕ್ಕೆ, ಕಿಟಕಿಗೆ, ಬ್ಯಾಟರಿ ದೀಪವನ್ನಿಡುವ ಗಾಜಿನ ಬಟ್ಟಲಿಗೆ ಅದಕ್ಕೆ ಸಮನಾದುದಿಲ್ಲ. ಆದರೆ ಅದರ ವಾಸನೆ ತಲೆಗೇರುತ್ತದೆ. ಷಿಕಾಗೋ, ಡೆಟ್ರಾಯಿಟ್ ಕಡೆಯ ಚಳಿಗಾಲದಲ್ಲಿ ಮುಚ್ಚಿದ ಮನೆಯೊಳಗೆ, ಫರ್ನೇಸ್ ಉರಿಯುತ್ತಿರುವಾಗ ಆ ಶೀಸೆಯ ಮುಚ್ಚಳವನ್ನು ತೆಗೆಯಬೇಡಿ. ಗ್ಯಾರೇಜಿನ ಬಾಗಿಲನ್ನು ತೆರೆದಿಡಲು ಸಾಧ್ಯವಾಗುವ ತಿಂಗಳುಗಳಿಗೆ ಅದನ್ನು ಮೀಸಲಿಡಿ. ಎರಡನೆಯದು ನೀರಿನ ಬಣ್ಣ. ಬಿಡಿಸಿ, ಒಣಗಿಸಿ, ಓವನ್ನಿನಲ್ಲಿ ಕಾಯಿಸಿ ಗಟ್ಟಿಮಾಡುವಂಥದು. ಊಟದ ಮೇಜಿಗೆ ಬರುವ ಗಾಜಿಗೆ ಇದೇ ಸರಿ.

ಕ್ರಮ ಕಷ್ಟದ್ದಲ್ಲ. ಗಾಜನ್ನು ಸೋಪಿನಿಂದ ತೊಳೆದು ಒರೆಸಿದ ಮೇಲೆ ರಬ್ಬಿಂಗ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಬೇಕು. ಅನಂತರ ಬಣ್ಣ ಬರುವ ಜಾಗವನ್ನು ಬೆರಳಿನಿಂದ ಮುಟ್ಟಕೂಡದು. ಒಗ್ಗರಣೆ ಹಾಕಿ ಬಂದ ಕೈಯ ಜಿಡ್ಡು ಕಣ್ಣಿಗೆ ಕಾಣದಿದ್ದರೂ ಬಣ್ಣಕ್ಕೆ ಗೊತ್ತಾಗುತ್ತದೆ. ಬಿಡಿಸಿದ ಮೇಲೆ ಕನಿಷ್ಠ ಒಂದು ದಿನ ಒಣಗಲು ಬಿಡಿ. ಕಾಯಿಸುವಾಗ ಓವನ್ ತಣ್ಣಗಿರುವಾಗಲೇ ಗಾಜನ್ನು ಒಳಗಿಟ್ಟು ಅನಂತರ ಶಾಖವನ್ನು ಏರಿಸಬೇಕು. ಮುಗಿದ ಮೇಲೆ ಓವನ್ನನ್ನು ಆರಿಸಿ, ಗಾಜು ಒಳಗೇ ಪೂರ್ತಿ ತಣಿಯುವವರೆಗೆ ಕಾಯಬೇಕು. ಅವಸರಪಟ್ಟು ಬಿಸಿ ಗಾಜನ್ನು ಗ್ರಾನೈಟ್ ಕಟ್ಟೆಯ ಮೇಲಿಟ್ಟರೆ ಸಿಡಿಯುವ ಸದ್ದು ನೆರೆಮನೆಗೂ ಕೇಳಿಸೀತು. ಎಷ್ಟು ಶಾಖ, ಎಷ್ಟು ಹೊತ್ತು ಎಂಬುದು ಆಯಾ ಬಣ್ಣದ ಚೀಟಿಯಲ್ಲಿರುತ್ತದೆ. ಫ್ರಾನ್ಸ್ ದೇಶದ ಪೆಬಿಯೋ ಕಂಪನಿಯ ‘ವಿಟ್ರಿಯಾ 160’ ಎಂಬ ಬಣ್ಣಕ್ಕೆ ಹೆಸರಿನಲ್ಲಿಯೇ ಶಾಖದ ಅಳತೆಯುಂಟು: 160 ಡಿಗ್ರಿಯಲ್ಲಿ 40 ನಿಮಿಷ. ಆದರೆ ಅದು ಸೆಲ್ಸಿಯಸ್. ಅಮೆರಿಕದ ಓವನ್ನಿನ ಗುಂಡಿಯನ್ನು 160ಕ್ಕೆ ತಿರುಗಿಸಿದರೆ ಬರುವುದು 71 ಸೆಲ್ಸಿಯಸ್. ಬಣ್ಣ ಬೆಚ್ಚಗಾಗುತ್ತದೆಯೇ ಹೊರತು ಬೇಯುವುದಿಲ್ಲ. ಇಲ್ಲಿ 320ಕ್ಕೆ ಇಡಬೇಕು.

ಬೆಂದ ಬಣ್ಣವೂ ಬಾಯಿಗೆ ತಾಗುವಂತಿರಕೂಡದು. ಈ ದೇಶದ ಗಾಜಿನ ಉದ್ಯಮದವರು ಲೋಟದ ಹೊರಮೈಯಲ್ಲಿ ಅಂಚಿನಿಂದ ಕೆಳಕ್ಕೆ 20 ಮಿಲಿಮೀಟರನ್ನು, ಅಂದರೆ ಮುಕ್ಕಾಲು ಅಂಗುಲಕ್ಕೂ ತುಸು ಹೆಚ್ಚಿನ ಜಾಗವನ್ನು, ತುಟಿಯ ಸೀಮೆಯೆಂದು ಪರಿಗಣಿಸುತ್ತಾರೆ. ನಾವು ಒಂದು ಅಂಗುಲ ಬಿಡೋಣ. ಶೀಸೆಯ ಮೇಲೆ ‘ನಾನ್ ಟಾಕ್ಸಿಕ್’ ಎಂದಿರುವುದನ್ನು ನೋಡಿ ಧೈರ್ಯ ತಂದುಕೊಳ್ಳುವವರುಂಟು. ಬಣ್ಣವನ್ನು ಬಳಸುವ ಕಲಾವಿದನಿಗೆ ಅದು ವಿಷವಲ್ಲವೆಂಬುದು ಆ ಮಾತಿನ ಅರ್ಥ. ಅದರ ಮೇಲೆ ಮೊಸರನ್ನ ಕಲಸಿ ತಿನ್ನಬಹುದೆಂದಲ್ಲ.

ಇಷ್ಟನ್ನೆಲ್ಲ ನಾನು ಒಂದೇ ದಿನ ಕಲಿತವಳಲ್ಲ. ಲೋಟಗಳ ಪ್ರಕರಣದ ನಂತರ ಎರಡು ವರ್ಷ ಕುಂಚವನ್ನು ಮುಟ್ಟಲಿಲ್ಲ. 2003ರ ಅಕ್ಟೋಬರಿನಲ್ಲಿ ಮೈಸೂರಿನಿಂದ ನಮ್ಮ ಅತ್ತೆಯವರು ಆರು ತಿಂಗಳ ಮಟ್ಟಿಗೆ ಬಂದರು. ಹೊರಗೆ ಹಿಮ, ಒಳಗೆ ಟೆಲಿವಿಷನ್. ಹೊತ್ತು ಹೋಗದೆ ಒಂದು ದಿನ ನನ್ನ ಕೈಗೆಲಸದ ಪೆಟ್ಟಿಗೆಯನ್ನು ತೆರೆದು ನೋಡಿ, “ಇಷ್ಟೊಂದು ಸಾಮಾನು ಇಟ್ಕೊಂಡು ಸುಮ್ನೆ ಕೂತಿದ್ದೀಯಲ್ಲಮ್ಮಾ” ಎಂದರು. ನಡೆದುದನ್ನು ಹೇಳಿದೆ. ಕಣ್ಣು ಒದ್ದೆಯಾದದ್ದು ನಿಜ.

ಅವರು ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. “ಬಾಯಿಗೆ ತಾಗೋ ಕಡೆ ಯಾಕಮ್ಮಾ ಬರೀತೀಯ? ನಮ್ಮನೆ ದೇವರ ಕೋಣೆಲಿರೋ ಗಾಜಿನ ಕೃಷ್ಣನ್ನ ನೋಡಿಲ್ವಾ? ಬಣ್ಣವೆಲ್ಲ ಹಿಂದೆ. ಮುಂದೆ ಕೈಯಿಟ್ಟರೆ ಬರೀ ಗಾಜು” ಎಂದರು.

ಇಪ್ಪತ್ತು ವರ್ಷ ಆ ಕೃಷ್ಣನಿಗೆ ಕೈಮುಗಿದ ನನಗೆ ಇದು ಹೊಳೆದಿರಲಿಲ್ಲ. ಹಳೆಯ ಮೈಸೂರಿನ ಮನೆಗಳಲ್ಲಿ, ತಂಜಾವೂರಿನ ಕಡೆಯಲ್ಲೂ, ಇಂಥ ಚಿತ್ರಗಳು ಇರುತ್ತಿದ್ದವು. ಗಾಜಿನ ಹಿಂಬದಿಗೆ ಬರೆದು ಮುಂದಿನಿಂದ ನೋಡುವ ಈ ವಿದ್ಯೆ ಹದಿನೆಂಟನೆಯ ಶತಮಾನದಲ್ಲಿ ಚೀನಾದ ವ್ಯಾಪಾರದೊಡನೆ ಭಾರತಕ್ಕೆ ಬಂದು ಇಲ್ಲಿನ ಚಿತ್ರಗಾರರ ಕೈಯಲ್ಲಿ ಇಲ್ಲಿಯದೇ ಆಯಿತು. ಜಯಾ ಅಪ್ಪಸಾಮಿಯವರು 1980ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಭಾರತದ ಗಾಜಿನ ಚಿತ್ರಗಳನ್ನು ಕುರಿತೇ ಬರೆದಿದ್ದಾರೆ. ಇದರ ವೈಶಿಷ್ಟ್ಯವಿರುವುದು ಕ್ರಮದಲ್ಲಿ. ಕಾಗದದ ಮೇಲೆ ಮೊದಲು ಹಿನ್ನೆಲೆ, ಆಮೇಲೆ ಮೈ, ಆಮೇಲೆ ಬಟ್ಟೆ, ಕೊನೆಗೆ ಒಡವೆ ಮತ್ತು ಕಣ್ಣಿನ ಬೊಟ್ಟು. ಗಾಜಿನ ಬೆನ್ನಿಗೆ ಬರೆಯುವಾಗ ಎಲ್ಲವೂ ತಿರುಗುಮುರುಗು. ಕಣ್ಣಿನ ಬೊಟ್ಟು ಮೊದಲು, ಮೂಗುತಿ ಮೊದಲು, ಕಿರೀಟದ ಮುತ್ತು ಮೊದಲು. ಅವು ಒಣಗಿದ ಮೇಲೆ ಅವುಗಳ ಮೇಲೆಯೇ ಮುಖದ ಬಣ್ಣ, ಕಟ್ಟಕಡೆಗೆ ಹಿನ್ನೆಲೆ. ಕಣ್ಣು ಓರೆಯಾಯಿತೆಂದು ಕೊನೆಯಲ್ಲಿ ತಿದ್ದುತ್ತೇನೆಂದರೆ ಅದು ಬಣ್ಣದ ಅಡಿಯಲ್ಲಿ ಹೂತುಹೋಗಿರುತ್ತದೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ.

ಊಟದ ತಟ್ಟೆಗೆ ಈ ಉಪಾಯ ಎಷ್ಟು ಹೊಂದುತ್ತದೆ ನೋಡಿ. ಸಾದಾ ಪಾರದರ್ಶಕ ಗಾಜಿನ ತಟ್ಟೆಯನ್ನು ತಂದು ಅದರ ಬೆನ್ನಿಗೆ ಬಣ್ಣ ಹಾಕಿದರೆ, ಚಿತ್ರ ಮೇಲಿನಿಂದ ಕಾಣುತ್ತದೆ. ಅನ್ನಕ್ಕೂ ಬಣ್ಣಕ್ಕೂ ನಡುವೆ ಗಾಜು ಇರುತ್ತದೆ. ಬಟ್ಟಲಾದರೆ ಹೊರಮೈಗೆ ಹಾಕಬೇಕು. ಲೋಟಕ್ಕೆ ಮಾತ್ರ ತುಟಿಯ ಸೀಮೆಯ ನಿಯಮವೇ ಗತಿ.

ಸಾದಾ ಗಾಜೆಂದರೆ ಅಂಗಡಿಯ ಅಗ್ಗದ ಸರಕೆಂದು ಮೂಗು ಮುರಿಯಬೇಕಿಲ್ಲ. ಡೆಟ್ರಾಯಿಟ್ಟಿನಿಂದ ದಕ್ಷಿಣಕ್ಕೆ ಒಂದು ಗಂಟೆಯ ಹಾದಿಯಲ್ಲಿರುವ ಟೊಲೀಡೋ ನಗರಕ್ಕೆ ಎಡ್ವರ್ಡ್ ಲಿಬ್ಬಿ ತನ್ನ ಗಾಜಿನ ಕಾರ್ಖಾನೆಯನ್ನು ಸ್ಥಳಾಂತರಿಸಿದ್ದು 1888ರಲ್ಲಿ. 1893ರ ಷಿಕಾಗೋ ಮಹಾಪ್ರದರ್ಶನದಲ್ಲಿ ಆತ ಗಾಜಿನ ಕಾರ್ಖಾನೆಯೊಂದನ್ನೇ ನಿಲ್ಲಿಸಿ, ಗಾಜಿನ ಎಳೆಗಳಿಂದ ನೇಯ್ದ ಉಡುಪನ್ನೂ ಜನರಿಗೆ ತೋರಿಸಿದ. ಸ್ವಾಮಿ ವಿವೇಕಾನಂದರು ಈ ನಗರದಲ್ಲಿ ಮಾತನಾಡಿದ್ದೂ ಅದೇ ವರ್ಷ, ಅದೇ ಪ್ರದರ್ಶನದ ಅಂಗವಾಗಿ ನಡೆದ ಸಮ್ಮೇಳನದಲ್ಲಿ. ಸ್ವಾಮಿಗಳು ಆ ಗಾಜಿನ ಉಡುಪನ್ನು ನೋಡಿದ್ದರೇ ಎಂದು ನಾನು ಆಗಾಗ ಯೋಚಿಸುವುದುಂಟು. ಟೊಲೀಡೋ ಕಲಾಸಂಗ್ರಹಾಲಯದಲ್ಲಿ ಗಾಜಿಗೆಂದೇ 2006ರಲ್ಲಿ ತೆರೆದ ಪ್ರತ್ಯೇಕ ಭವನವುಂಟು. ಆ ಕಡೆ ಹೋದವರು ತಪ್ಪದೆ ನೋಡಬೇಕು.

ನಮ್ಮ ಅಡುಗೆಮನೆಗೆ ಮರಳೋಣ. ಅತ್ತೆಯವರ ಮಾತಿನಂತೆ ನೀರಿನ ಬಣ್ಣಗಳನ್ನು ತಂದೆವು. ಆಗ ಒಂಬತ್ತು ವರ್ಷದವಳಾಗಿದ್ದ ಮಗಳನ್ನೂ ಕೂರಿಸಿಕೊಂಡೆವು. ತಟ್ಟೆಯ ನಡುವೆ ‘ಬನ್ನಿ’ ಎಂಬ ಪದ, ಸುತ್ತ ನವಿಲುಗರಿ ಎಂದು ತೀರ್ಮಾನವಾಯಿತು. ಮಗಳು ಬಟರ್ ಪೇಪರಿನ ಮೇಲೆ ಅಕ್ಷರಗಳನ್ನು ದಪ್ಪಗೆ ಬರೆದಳು. ಅವಳ ಒತ್ತಕ್ಷರ ಸರಿಯಾಗಿ ಬಂದದ್ದು ಐದನೆಯ ಪ್ರಯತ್ನಕ್ಕೆ. ಬರೆದ ಮುಖವನ್ನು ಗಾಜಿಗೆ ಒತ್ತಿ ಅಂಟಿಸಿ, ತಟ್ಟೆಯನ್ನು ಬೋರಲು ಹಾಕಿ, ಬೆನ್ನಿನ ಮೇಲೆ ಅಕ್ಷರಗಳು ಚೆನ್ನಾಗಿ ಕಾಣುತ್ತಿವೆಯೆಂದು ಹಿಗ್ಗಿ, ಅದರಂತೆಯೇ ಬಣ್ಣ ಎಳೆದೆವು. ಕಾಯಿಸಿ ತಣಿಸಿ ಮೇಲ್ಮುಖ ಮಾಡಿ ನೋಡಿದರೆ ‘ಬನ್ನಿ’ ಕನ್ನಡಿಯೊಳಗಿನ ಬರಹದಂತೆ ಹಿಂದುಮುಂದಾಗಿತ್ತು! ಅತ್ತೆಯವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಆದ್ದರಿಂದ ನೆನಪಿಡಿ. ತೆಳುವಾದ ಕಾಗದದ ಮೇಲೆ ಬರೆದು, ಬರೆದ ಮುಖ ಊಟ ಮಾಡುವವನ ಕಡೆಗಿರುವಂತೆ ತಟ್ಟೆಯ ಮೇಲ್ಭಾಗಕ್ಕೆ ಅಂಟಿಸಬೇಕು. ತಟ್ಟೆಯನ್ನು ತಿರುಗಿಸಿದಾಗ ಅಕ್ಷರಗಳು ಉಲ್ಟಾ ಕಾಣಬೇಕು. ಉಲ್ಟಾ ಕಂಡರೆ ಸರಿಯಿದೆಯೆಂದು ತಿಳಿಯಿರಿ. ಆ ಉಲ್ಟಾ ಅಕ್ಷರಗಳ ಮೇಲೆಯೇ ಮೊದಲು ಬಣ್ಣ ಎಳೆಯಬೇಕು. ನವಿಲುಗರಿಯ ಕಣ್ಣಿನ ಕಡುನೀಲಿ ಬೊಟ್ಟನ್ನಿಟ್ಟು, ಅದು ಒಣಗಿದ ಮೇಲೆ ಸುತ್ತ ಹಸಿರು, ಆಮೇಲೆ ಬಂಗಾರದ ಬಣ್ಣ, ಎಲ್ಲಕ್ಕೂ ಹಿಂದೆ ಕೆನೆಬಿಳುಪು. ಒಂದು ಪದರ ಪೂರ್ತಿ ಒಣಗದೆ ಮತ್ತೊಂದನ್ನು ಸವರಿದರೆ ಮೊದಲನೆಯದು ಕುಂಚದೊಡನೆ ಎದ್ದು ಬರುತ್ತದೆ. ಮೇಜಿಗೆ ತಾಗುವ ಅಡಿಯ ಬಳೆಯನ್ನು ಹಾಗೆಯೇ ಬಿಡಿ. ಅಲ್ಲಿ ಬಣ್ಣ ನಿಲ್ಲದು. ತೊಳೆಯುವಾಗ ಮೆತ್ತನೆಯ ಸ್ಪಂಜಿನಿಂದ ಕೈಯಲ್ಲೇ ತೊಳೆಯಬೇಕು. ಡಿಶ್‌ವಾಷರ್ ಸುರಕ್ಷಿತ ಎಂದು ಚೀಟಿಯಲ್ಲಿ ಬರೆದಿದ್ದರೂ ನಾನು ನಂಬುವುದನ್ನು ಬಿಟ್ಟಿದ್ದೇನೆ. ಉಡುಗೊರೆ ಕೊಡುವಾಗ ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನನ್ನ ನಲವತ್ತು ಲೋಟಗಳ ಜೊತೆ ಆ ಚೀಟಿ ಇರಲಿಲ್ಲ.

ಆ ಚಳಿಗಾಲದಲ್ಲಿ ಆರು ತಟ್ಟೆಗಳನ್ನು ಮಾಡಿದೆವು. ಐದರಲ್ಲಿ ‘ಬನ್ನಿ’ ಸರಿಯಾಗಿದೆ. ಕೆಟ್ಟುಹೋದ ಮೊದಲನೆಯದನ್ನು ಎಸೆಯಲು ಹೊರಟಾಗ ಅತ್ತೆಯವರು ಬಿಡಲಿಲ್ಲ. ಏಪ್ರಿಲ್‌ನಲ್ಲಿ ಮೈಸೂರಿಗೆ ಹೊರಡುವವರೆಗೂ ಅದರಲ್ಲಿಯೇ ಊಟ ಮಾಡಿದರು. “ಇದನ್ನ ಓದಬೇಕಾದ್ರೆ ತಟ್ಟೆ ಎತ್ತಬೇಕು, ತಟ್ಟೆ ಎತ್ತಬೇಕಾದ್ರೆ ಊಟ ಮುಗಿಸಬೇಕು, ಗೊತ್ತಾಯ್ತೇನೇ?” ಎಂದು ಮೊಮ್ಮಗಳಿಗೆ ಹೇಳುತ್ತಿದ್ದರು. ಅವರು ಈಗಿಲ್ಲ. ಮಗಳು ಡೆಟ್ರಾಯಿಟ್ ಬಳಿಯ ನೋವೈಯಲ್ಲಿ ಸಂಸಾರ ಹೂಡಿದಾಗ, ಸರಿಯಾದ ಐದು ತಟ್ಟೆಗಳನ್ನು ನನಗೆ ಬಿಟ್ಟು ಆ ಒಂದನ್ನು ತಾನು ತೆಗೆದುಕೊಂಡು ಹೋದಳು. ಹೋದ ತಿಂಗಳು ಫೋನ್ ಮಾಡಿ, “ಅಮ್ಮಾ, ಮೊದಲು ಯಾವ ಬಣ್ಣ ಹಾಕಬೇಕು, ಬೊಟ್ಟೋ ಹಸಿರೋ?” ಎಂದು ಕೇಳಿದಳು. ಬೊಟ್ಟು ಎಂದೆ.